ಸರೋಜಮ್ಮನವರ ಫೋಟೊಗೆ ನಾನು ಬರೆದ ಪದಗಳು

ಬಿ.ಕಾಂ. ಮುಗಿದು ಒಂದು ವರ್ಷವಾಗಿತ್ತು. ಇಂಟರ್‌ವ್ಯೂನಲ್ಲಿ ಹೆಸರು ಕೇಳಿದರೂ ಬಾಯಿ ಬಿಡದೆ ಮಾರ್ಕ್ಸ್ ಕಾರ್ಡನ್ನು ಮುಂದೆ ತಳ್ಳುತ್ತಿದ್ದೆ. ಹಾಗಾಗಿ, ಯಾರೊಂದಿಗೂ ಮಾತಾಡದೆ ಮಾಡಬಹುದಾದ ಕೆಲಸವೊಂದಿದೆ ಎಂದು ತಿಳಿದ ದಿನ ಡೈರಿಯಲ್ಲಿ ಆ ದಿನಾಂಕದ ಕೆಳಗೆ ಎರಡು ಗೆರೆ ಎಳೆದಿದ್ದೆ. ಫೋಟೊ ತೆಗೆದು ವೆಬ್‌ಸೈಟಿಗೆ ಹಾಕುವುದು. ಜಾಹೀರಾತಿನವರೋ ಪತ್ರಿಕೆಯವರೋ ತಮಗೆ ಬೇಕಾದ್ದನ್ನು ಹುಡುಕಿ ಕೊಳ್ಳುತ್ತಾರೆ, ನಮಗೊಂದು ಪಾಲು ಬರುತ್ತದೆ. ಕೊಂಡವರ ಮುಖ ನಾನು ನೋಡಬೇಕಿಲ್ಲ, ನನ್ನ ಮುಖ ಅವರು ನೋಡಬೇಕಿಲ್ಲ.

ಮೊದಲ ಒಂಬತ್ತು ಫೋಟೊಗಳೂ ವಾಪಸ್ಸು ಬಂದವು. ದೀಪ ಹಾಕಿದ ಅರಮನೆ ಬೇಡ, ಅಂಥವು ಸಾವಿರಾರಿವೆಯಂತೆ. ಮಂಡಕಳ್ಳಿ ವಿಮಾನ ನಿಲ್ದಾಣಕ್ಕೆ ಎರಡು ಬಸ್ಸು ಬದಲಿಸಿ ಹೋಗಿ ತೆಗೆದ ವಿಮಾನವೂ ಬೇಡ, ಅದರ ಬಾಲದ ಮೇಲೆ ಕಂಪನಿಯ ಗುರುತಿತ್ತು. ಗೋಕುಲಂನಲ್ಲಿ ಯೋಗದ ಚಾಪೆ ಹೆಗಲಿಗೇರಿಸಿ ಹೋಗುತ್ತಿದ್ದ ವಿದೇಶಿ ಹೆಂಗಸಿನ ಫೋಟೊಗೆ ಅವಳ ಒಪ್ಪಿಗೆ ಪತ್ರ ಎಲ್ಲಿ ಎಂದು ಕೇಳಿದರು. ಅವಳನ್ನು ಹಿಂದಿನಿಂದ ತೆಗೆದಿದ್ದೆ. ಓಡಿಹೋಗಿ ಕೇಳುವ ಧೈರ್ಯ ಎಲ್ಲಿಂದ ಬರಬೇಕು?

ನಮ್ಮ ರಾಜೀವನಗರದ ಬಾಡಿಗೆ ಮನೆಯ ಕೆಳಗೆ ಸರೋಜಮ್ಮನವರ ಮೆಸ್ ಇದೆ. ದಿನಕ್ಕೆ ನಲವತ್ತು ಜನರಿಗೆ ಅಡುಗೆ ಮಾಡುತ್ತಾರೆ. ಅವರ ಗಂಡ ಮರಿಸ್ವಾಮಿ ತಿರುವಿನ ಸ್ಟ್ಯಾಂಡಿನಲ್ಲಿ ಆಟೊ ಓಡಿಸುತ್ತಾರೆ. ಬೀಡಿಯನ್ನೂ ಮುಟ್ಟದ ಮನುಷ್ಯ. ಸ್ಟ್ಯಾಂಡಿನ ಬೇರೆಯವರು ಭಾನುವಾರ ಕುಡಿದು ಕೂತರೆ ಅವರನ್ನು ಮನೆ ಮುಟ್ಟಿಸುವವರು ಮರಿಸ್ವಾಮಿಯೇ.

ಒಂದು ಬೆಳಿಗ್ಗೆ ಮೊಸರು ತರಲು ಕೆಳಗಿಳಿದೆ. ಸರೋಜಮ್ಮ ಹಿತ್ತಿಲ ಬಾಗಿಲಲ್ಲಿ ಕೂತು ರಾಶಿ ಈರುಳ್ಳಿ ಹೆಚ್ಚುತ್ತಿದ್ದರು. ಕೆನ್ನೆ ಮೇಲೆ ನೀರು ಹರಿಯುತ್ತಿತ್ತು, ಪಕ್ಕದಿಂದ ಬಿಸಿಲು ಬಿದ್ದು ಮೂಗುತಿ ಹೊಳೆಯುತ್ತಿತ್ತು. ಕೇಳದೆಯೇ ಫೋನಿನಲ್ಲಿ ತೆಗೆದುಬಿಟ್ಟೆ.

"ಅಯ್ಯೋ, ತಲೆ ಬಾಚಿಲ್ಲ ಕಣಮ್ಮ ಸುಷ್ಮಿತಾ! ನಿಂತ್ಕೊ, ಹಸಿರು ಸೀರೆ ಉಟ್ಕೊಂಡ್ ಬತ್ತೀನಿ."

"ಹೀಗೇ ಚೆನ್ನಾಗಿದೆ ಆಂಟಿ."

ಆ ಫೋಟೊ ಕೂಡ ವಾಪಸ್ಸು ಬಂತು. ಬುಟ್ಟಿ, ಸಿಪ್ಪೆ, ಕೊಡ, ಎಲ್ಲ ಸೇರಿ ಗಜಿಬಿಜಿ ಎಂದರು. ನಾನು ಕೆಳಗಿನ ಅರ್ಧವನ್ನು ತೆಗೆದುಹಾಕಿದೆ. ಈರುಳ್ಳಿ ಹೋಯಿತು, ಈಳಿಗೆ ಹೋಯಿತು, ಅಳುವ ಮುಖವೊಂದು ಉಳಿಯಿತು. ಒಪ್ಪಿಗೆ ಪತ್ರಕ್ಕೆ ಸಹಿ ಕೇಳಿದಾಗ ಸರೋಜಮ್ಮ ಕೈ ಒರೆಸಿಕೊಂಡು, "ಪೇಪರ್‌ನಾಗೆ ಬತ್ತದಾ?" ಎಂದು ನಕ್ಕು, ಒಂದೊಂದೇ ಅಕ್ಷರ ತಿದ್ದಿ ಬರೆದರು. ಅದರಲ್ಲಿ ಏನಿದೆ ಎಂದು ಕೇಳಲಿಲ್ಲ. ನಾನೂ ಹೇಳಲಿಲ್ಲ.

ಫೋಟೊ ಜನರ ಕಣ್ಣಿಗೆ ಬೀಳಬೇಕಾದರೆ ಅದರ ಕೆಳಗೆ ಪದಗಳನ್ನು ಬರೆಯಬೇಕು. ಕೊಳ್ಳುವವರು ಆ ಪದಗಳಿಂದಲೇ ಹುಡುಕುವುದು. ಹೆಚ್ಚು ಓಡುವ ಪದಗಳು ಯಾವುವೆಂದು ನೋಡಿ ನೋಡಿ ಮೂವತ್ತು ತುಂಬಿಸಿದೆ. ಕಾಯಿಲೆ, ಚಟ, ಹಿಂಸೆಯಂಥ ವಿಷಯಗಳಿಗೂ ಈ ಫೋಟೊ ಬಳಸಬಹುದೇ ಎಂಬ ಪ್ರಶ್ನೆಯೊಂದು ಅಲ್ಲೇ ಇತ್ತು. ಹೌದು ಎಂದರೆ ಹೆಚ್ಚು ಜನ ಕೊಳ್ಳುತ್ತಾರೆ ಎಂದು ಎಲ್ಲೋ ಓದಿದ್ದೆ. ಟಿಕ್ ಹಾಕಿದೆ.

ಮೂರು ವಾರಕ್ಕೆ ಅದು ಮಾರಾಟವಾಯಿತು. ನನ್ನ ಮೊದಲ ಮಾರಾಟ. ಕುಣಿದಿದ್ದೆ ಎಂದು ಡೈರಿಯಲ್ಲಿದೆ.

ಆಮೇಲೆ ಸ್ಟ್ಯಾಂಡಿನ ಎದುರು ಬ್ಯಾನರ್ ಬಂತು. ಕುಡಿತ ಬಿಡಿಸುವ ಯಾವುದೋ ಕೇಂದ್ರದ್ದು. 'ನಿಮ್ಮ ಹೆಂಡತಿಯ ಕಣ್ಣೀರು ಕಾಣುತ್ತಿಲ್ಲವೇ?' ಎಂಬ ಸಾಲಿನ ಪಕ್ಕದಲ್ಲಿ ಆಳೆತ್ತರಕ್ಕೆ ಸರೋಜಮ್ಮನ ಮುಖ.

ಅಂಗಡಿಗೆ ಹೋದಾಗ ಪ್ರೇಮ್‌ಕುಮಾರ್ ಎಂಬ ಡ್ರೈವರ್ ಕೂಗುತ್ತಿದ್ದುದು ಕೇಳಿಸಿತು. "ಏನ್ ಮರಿಸ್ವಾಮಣ್ಣ, ನಮ್ಮುನ್ನೆಲ್ಲ ಮನೆಗ್ ಬುಟ್ಟು ಆಮೇಲ್ ನೀನೊಬ್ನೇ ಹಾಕ್ತಿದ್ಯಾ? ಒಂದ್ ಮಾತ್ ಕರೀಬಾರ್ದಾ?" ಎಲ್ಲರೂ ನಕ್ಕರು. ಮರಿಸ್ವಾಮಿ ಆಟೊದ ಗಾಜನ್ನು ಒರೆಸುತ್ತಲೇ ಇದ್ದರು. ಗಾಜು ಆಗಲೇ ಚೊಕ್ಕಟವಾಗಿತ್ತು. ನಾನು ದುಪಟ್ಟಾ ತಲೆಗೆ ಹೊದ್ದು ಮನೆಗೆ ಬಂದೆ. ವೆಬ್‌ಸೈಟಿನಿಂದ ಫೋಟೊ ಅಳಿಸಿದೆ. ಆಗಲೇ ಕೊಂಡವರಿಂದ ಅದನ್ನು ಹಿಂದಕ್ಕೆ ಪಡೆಯಲಾಗುವುದಿಲ್ಲವಂತೆ.

ಎರಡು ದಿನ ಕೆಳಗಿಳಿಯಲಿಲ್ಲ. ಮೂರನೆಯ ದಿನ ಸರೋಜಮ್ಮನೇ ಮೇಲೆ ಬಂದರು, ಕೈಯಲ್ಲಿ ಮೊಸರಿನ ಡಬ್ಬಿ.

"ನೀನ್ ಹೆದ್ರುಕೊಬೇಡ ಕಣವ್ವ. ನಿನ್ ಫೋನಿಂದ ಯಾರೋ ಕದ್ದವ್ರೆ. ನಮ್ ಮಗಳಿದ್ದಂಗೆ ಹುಡ್ಗಿ, ಅವ್ಳೇನ್ ಮಾಡ್ತಾಳೆ ಅಂತ ನಮ್ಮನೆಯವ್ರಿಗೂ ಹೇಳಿವ್ನಿ. ಅವ್ರು ಮೂರ್ ದಿನದಿಂದ ಮಧ್ಯಾಹ್ನ ಉಣ್ಣಕ್ಕೆ ಬತ್ತಿಲ್ಲ. ಮೆಸ್ ಹುಡುಗ್ರು ನೋಡ್ತಾರೆ ಅಂತ ನಾಚ್ಕೆ."

ಹೌದು ಆಂಟಿ, ಕದ್ದಿದ್ದಾರೆ ಎಂದರೆ ಅಲ್ಲಿಗೆ ಮುಗಿಯುತ್ತಿತ್ತು. ಆ ಮಾತು ನನ್ನ ನಾಲಿಗೆಯ ಮೇಲೆ ಬಂದಿತ್ತು, ಸುಳ್ಳೇಕೆ ಹೇಳಲಿ. ಆದರೆ ಅವರು ನನ್ನ ಕೈಗಿಟ್ಟ ಮೊಸರಿನ ಡಬ್ಬಿ ಇನ್ನೂ ತಣ್ಣಗಿತ್ತು.

"ಯಾರೂ ಕದ್ದಿಲ್ಲ. ನಾನೇ ಮಾರಿದ್ದು."

ಅವರು ಬಾಗಿಲ ಬಳಿಯೇ ಕೂತರು. ತೋರಿಸು ಎಂದರು. ಅಳಿಸಿದ್ದರೂ ಹಾಕಿದ್ದರ ನಕಲು ನನ್ನ ಬಳಿ ಇತ್ತು. ಕೆಳಗಿರುವುದೇನು, ಓದು ಎಂದರು.

ಒಂದೊಂದೇ ಪದವನ್ನು ಕನ್ನಡ ಮಾಡಿ ಓದಿದೆ. "ಹೆಂಗಸು. ಅಳು. ಬಡತನ. ದುಃಖ. ಒಂಟಿ. ದಿಕ್ಕಿಲ್ಲದವಳು. ಹೊಡೆತ. ಕುಡುಕ ಗಂಡ..."

"ಈರುಳ್ಳಿ ಅಂತ ಬರ್ದಿಲ್ವಾ?"

"ಇಲ್ಲ."

"ಅಡುಗೆ ಅಂತ?"

"ಇಲ್ಲ ಆಂಟಿ."

"ನಲ್ವತ್ತು ಜನುಕ್ಕೆ ಬೇಯಿಸ್ತೀನಲ್ಲೇ," ಎಂದರು. ಬೈದಂತೆ ಅಲ್ಲ, ನನಗೆ ನೆನಪಿಸಿದಂತೆ. ಬಾಗಿಲು ಹಿಡಿದು ಎದ್ದರು. "ನಂಗ್ ಹೇಳಿದ್ದಾಯ್ತು. ಸ್ಟ್ಯಾಂಡ್‌ನಾಗೆ ಹೇಳು. ನಿನ್ ಬಾಯಲ್ಲೇ."

ಹಳೆಯ ಫೋಟೊವನ್ನು, ಈರುಳ್ಳಿಯ ರಾಶಿ ಇರುವುದನ್ನು, ದೊಡ್ಡದಾಗಿ ಪ್ರಿಂಟ್ ಹಾಕಿಸಿದೆ. ಸ್ಟ್ಯಾಂಡಿನಲ್ಲಿ ಮರಿಸ್ವಾಮಿಯೂ ಸೇರಿ ಏಳು ಜನರಿದ್ದರು. ಫೋಟೊವನ್ನು ಎದೆಯ ಮುಂದೆ ಸ್ಲೇಟಿನಂತೆ ಹಿಡಿದು ನಿಂತೆ.

"ಇದು ಈರುಳ್ಳಿ ಹೆಚ್ಚುವಾಗ ತೆಗೆದದ್ದು. ಕೆಳಗಿದ್ದದ್ದನ್ನು ತೆಗೆದುಹಾಕಿ, ಸುಳ್ಳು ಬರೆದು ಮಾರಿದವಳು ನಾನು. ಮರಿಸ್ವಾಮಿ ಅಂಕಲ್ ಕುಡಿಯಲ್ಲ."

"ಅವ್ನು ಕುಡಿಯಲ್ಲ ಅಂತ ನಮ್ಗೆ ಗೊತ್ತಿಲ್ವೇನಮ್ಮ? ತಮಾಷೆಗಂದ್ವು," ಎಂದ ಪ್ರೇಮ್‌ಕುಮಾರ್. ಆದರೆ ಫೋಟೊ ಇಸಿದುಕೊಂಡು ನೋಡಿದ. "ಗೊತ್ತಿಲ್ದೋರು ನೂರ್ ಜನ ನೋಡ್ತಾರಲ್ಲ ಇಲ್ಲಿ, ಅವ್ರಿಗೆಲ್ಲ ಯಾರ್ ಹೇಳ್ತಾರೆ?"

ಮರಿಸ್ವಾಮಿ ಫೋಟೊವನ್ನು ಅವನ ಕೈಯಿಂದ ತೆಗೆದುಕೊಂಡು, ಮಡಚದೆ ಸೀಟಿನ ಮೇಲಿಟ್ಟು, ನನ್ನ ಕಡೆ ನೋಡದೆ ಆಟೊ ಸ್ಟಾರ್ಟ್ ಮಾಡಿದರು. ಮೆಸ್ಸಿನ ಕಡೆಗೆ ತಿರುಗಿದರು. ಊಟದ ಹೊತ್ತಾಗಿತ್ತು.

ಮರುದಿನ ಮೊಸರಿಗೆ ಕೆಳಗಿಳಿದೆ. ಸರೋಜಮ್ಮ ಎಂದಿನಂತೆ ಹಿತ್ತಿಲ ಬಾಗಿಲಲ್ಲಿ ಈರುಳ್ಳಿ ಹೆಚ್ಚುತ್ತಿದ್ದರು. "ಬಾರವ್ವ," ಎಂದರು, ಎಂದಿನ ದನಿಯಲ್ಲೇ. ಆಮೇಲೆ ಅವರ ಕಣ್ಣು ನನ್ನ ಕೈಯಲ್ಲಿದ್ದ ಫೋನಿನ ಮೇಲೆ ಬಿತ್ತು. ಸೆರಗಿನಿಂದ ಕೆನ್ನೆ ಒರೆಸಿಕೊಂಡು, ಮಣೆಯನ್ನು ಸ್ವಲ್ಪವೇ ತಿರುಗಿಸಿ, ಗೋಡೆಯ ಕಡೆ ಮುಖ ಮಾಡಿ ಕೂತರು. ಹಾಗೆ ಕೂತದ್ದು ಅವರಿಗೆ ಗೊತ್ತಾಯಿತೋ ಇಲ್ಲವೋ.

ಈಗ ಫೋನನ್ನು ಮೇಲೆಯೇ ಬಿಟ್ಟು ಹೋಗುತ್ತೇನೆ. ಅವರು ಗೋಡೆಯ ಕಡೆಗೇ ಕೂರುತ್ತಾರೆ.