ಹಾಲ್‌ಬೆರಾಳ ಮಂಡಿನೋವಿನ ಮಾತ್ರೆ

ಬೆಟ್ಟದಿಂದ ಕುರಿ ಇಳಿಸುವ ಕಾಲ ಬಂತೆಂದರೆ ಐಸ್‌ಲ್ಯಾಂಡಿನಲ್ಲಿ ಮಂಡಿ ಹಿಡಿದುಕೊಳ್ಳದವರಿಲ್ಲ. ಅರವತ್ತಾರರ ಗಟ್ಟಿಗಿತ್ತಿ ಹಾಲ್‌ಬೆರಾ ಕೂಡ ಮೂರು ವಾರದಿಂದ ಬರೀ ಕಪ್ಪು ಕಾಫಿಯ ಮೇಲೆ ಐಬುಪ್ರೊಫೆನ್ ಎಂಬ ನೋವಿನ ಮಾತ್ರೆ ನುಂಗುತ್ತಿದ್ದಳು. ಹನ್ನೊಂದು ಕುರಿ ಇನ್ನೂ ಮೇಲೇ ಉಳಿದಿದ್ದವು. ಶನಿವಾರ ಮತ್ತೆ ಹತ್ತಲೇಬೇಕಿತ್ತು.

ಅದಕ್ಕೆ ಎರಡು ದಿನ ಮೊದಲು ಅವಳು ಗಂಡ ಬ್ರಾಂದುರ್ ಮತ್ತು ಪಕ್ಕದ ಮನೆಯ ನರ್ಸ್ ಉನ್ನುರ್ ಜೊತೆ ಕೂತು ಕುರಿಯ ರಕ್ತ, ಹಿಟ್ಟು ತುಂಬಿ ಬೇಯಿಸುವ ರಕ್ತದ ಕಡುಬಿಗೆ ಕುರಿಯ ಜಠರದ ಚೀಲ ಹೊಲಿಯುತ್ತಿದ್ದಳು. ಏಳಹೋದವಳಿಗೆ ತಲೆ ಗಿರ್ರೆಂದಿತು.

“ಏನೇ, ಮುಖ ಬಿಳಿಚಿಕೊಂಡಿದೆ!” ಎಂದಳು ಉನ್ನುರ್. “ಮೂರು ವಾರದಿಂದ ಆ ನೋವಿನ ಮಾತ್ರೆ ನುಂಗ್ತಿದ್ದೀಯಲ್ಲ, ಮಲ ಕಪ್ಪಗೆ ಹೋಗ್ತಿದೆಯಾ?”

“ನಾಲ್ಕು ದಿನದಿಂದ. ಡಾಂಬರಿನ ಹಾಗೆ. ಅದಕ್ಕೇನೀಗ?”

ಬ್ರಾಂದುರ್ ನಕ್ಕ. “ರಕ್ತದ ಕಡುಬು ತಿಂದ್ರೆ ಊರಿಗೆಲ್ಲಾ ಹಾಗೇ. ಸುಮ್ನೆ ಹೆದರಿಸ್ಬೇಡ.”

“ಕಡುಬು ಯಾವಾಗಯ್ಯ ತಿಂದ್ಳು? ಹೋದ ವರ್ಷದ್ದು ಬೇಸಿಗೆಗೇ ಮುಗೀತು. ಈ ವರ್ಷದ್ದು ಇನ್ನೂ ಹೊಲೀತಾ ಇದ್ದೀವಿ!”

ಬ್ರಾಂದುರನ ನಗು ನಿಂತಿತು. “ಆದ್ರೆ ಡಾಕ್ಟ್ರ ಚೀಟಿ ಇಲ್ದೇನೇ ಕೊಡೋ ಮಾತ್ರೆ ಅದು…”

“ಮಾತ್ರೆ ಒಳ್ಳೇದೇ. ಊತ, ನೋವು ತರೋ ರಾಸಾಯನಿಕ ಮೈಯಲ್ಲಿ ಹುಟ್ಟದ ಹಾಗೆ ತಡೆಯುತ್ತೆ. ಆದ್ರೆ ಹೊಟ್ಟೆಯ ಒಳಪದರ ಕಾಯೋದೂ ಅದೇ ರಾಸಾಯನಿಕ. ಅದಿಲ್ದಿದ್ರೆ ಹೊಟ್ಟೆಯ ಆಮ್ಲ ಹೊಟ್ಟೆಯನ್ನೇ ಸುಡುತ್ತೆ, ಹುಣ್ಣಾಗಿ ರಕ್ತ ಸುರಿಯುತ್ತೆ. ಇವಳು ದಿನಾ ತಗೊಳ್ಳೋ ಬಿಪಿ ಮಾತ್ರೆ ಜೊತೆ ಸೇರಿದ್ರೆ ಕಿಡ್ನಿಗೂ ಪೆಟ್ಟು. ಆಂಬುಲೆನ್ಸ್ ಕರೀತೀನಿ.”

“ಶನಿವಾರ ಕಳೀಲಿ,” ಎಂದಳು ಹಾಲ್‌ಬೆರಾ. “ನನ್ನ ಕುರಿ ನಾನೇ ತರ್ತೀನಿ.” ನಲವತ್ತು ವರ್ಷದಲ್ಲಿ ಒಮ್ಮೆಯೂ ಅವಳು ಬೇರೆಯವರನ್ನು ಕಳಿಸಿದವಳಲ್ಲ.

“ಹಟ ಮಾಡೋಕಾದ್ರೂ ಜೀವ ಬೇಕಲ್ಲ ಕಣೇ!” ಎಂದಳು ಉನ್ನುರ್.

ಆ ಮಾತು ನಾಟಿತು. ಹಾಲ್‌ಬೆರಾಳಿಗೆ ಮೊದಲ ಬಾರಿ ಭಯವಾಯಿತು. “ಸರಿ, ಕರಿ,” ಎಂದಳು.

ಆಸ್ಪತ್ರೆಯಲ್ಲಿ ಗಂಟಲಿನಿಂದ ಹೊಟ್ಟೆಗೆ ಕ್ಯಾಮೆರಾ ಇಳಿಸಿ ನೋಡಿದರೆ ಹುಣ್ಣಿನಿಂದ ರಕ್ತ ಒಸರುತ್ತಿತ್ತು. ರಕ್ತ ನಿಲ್ಲಿಸಿ, ಎರಡು ಬಾಟಲಿ ರಕ್ತ ಕೊಟ್ಟರು. “ಬೆಟ್ಟ ಹತ್ತಿದ್ದರೆ ನೀವು ಇಳಿಯುತ್ತಿರಲಿಲ್ಲ,” ಎಂದರು ವೈದ್ಯರು. ಬ್ರಾಂದುರ್ ಅಲ್ಲೇ ಜೇಬಿನಿಂದ ಅದೇ ಮಾತ್ರೆಯ ಒಂದು ಸ್ಟ್ರಿಪ್ ತೆಗೆದು, ಜೊತೆಗೆ ಬಂದಿದ್ದ ಉನ್ನುರಳ ಕೈಗಿಟ್ಟ. “ನಾನೂ ಬೆನ್ನಿಗೆ ಅಂತ ದಿನಾ ಇದನ್ನೇ… ಮಾರಾಯ್ತಿ, ನನ್ನನ್ನೂ ಡಾಕ್ಟ್ರಿಗೆ ತೋರಿಸು,” ಎಂದ.

ಅಕ್ಕ, ಅಣ್ಣ, ನಿಮ್ಮ ಮನೆಯ ಡಬ್ಬಿಯಲ್ಲೂ ಇಂಥ ಮಾತ್ರೆ ಇದ್ದೇ ಇರುತ್ತದೆ. ಬೇಕಾದಾಗ ಮಾತ್ರ, ಆದಷ್ಟು ಕಡಿಮೆ ದಿನ ತೆಗೆದುಕೊಳ್ಳಿ. ವಯಸ್ಸಾಗಿದ್ದರೆ, ಬಸುರಿಯಾಗಿದ್ದರೆ, ಬಿಪಿ, ಹೃದಯ, ಕಿಡ್ನಿ, ಹೊಟ್ಟೆಹುಣ್ಣಿನ ತೊಂದರೆಯಿದ್ದರೆ ವೈದ್ಯರನ್ನು ಕೇಳದೆ ಮುಟ್ಟಬೇಡಿ. ಮಲ ಡಾಂಬರಿನಂತೆ ಕಪ್ಪಾದರೆ ತಿಂದದ್ದರ ಮೇಲೆ ತಪ್ಪು ಹೊರಿಸಿ ಕೂರಬೇಡಿ. ಕೈಯಲ್ಲಿರುವ ಕೆಲಸ ಬಿಟ್ಟು ಆ ಗಳಿಗೆಯಲ್ಲೇ ಆಸ್ಪತ್ರೆಗೆ ಹೊರಡಿ.