ಮುನಿಕೃಷ್ಣಮ್ಮನ ಹೊಲದ ಚುಕ್ಕಿಗಳು

ಹೆಸರಘಟ್ಟದ ಹತ್ತಿರ ಮುನಿಕೃಷ್ಣಮ್ಮನಿಗೆ ಉಳಿದಿರುವುದು ಒಂದೇ ಒಂದು ಎಕರೆ ಹೊಲ. ಸುತ್ತಲೂ ಮನೆಗಳು ಎದ್ದಿವೆ. ಮನೆಮಂದಿಯ ವರ್ಷದ ಮುದ್ದೆಗೆ ಆ ಹೊಲದ ರಾಗಿಯೇ ಆಗಬೇಕು. ಆದರೆ ಈ ಸಲವೂ ಪೈರು ಎಡವಟ್ಟಾಗಿತ್ತು. ಒಂದು ಕಡೆ ಎದೆಯುದ್ದ ಬೆಳೆದು, ಭಾರ ತಾಳದೆ ನೆಲಕ್ಕೆ ಮಲಗಿದೆ. ಪಕ್ಕದಲ್ಲೇ ಮಂಡಿಯುದ್ದವೂ ಬಾರದೆ ಹಳದಿ ತಿರುಗಿ ನಿಂತಿದೆ. ಒಂದೇ ಹೊಲ, ಒಂದೇ ಬೀಜ, ಒಂದೇ ಮಳೆ. ಅಂದಮೇಲೆ ಹೀಗೇಕೆ?

ಗಂಡ ಕದಿರಪ್ಪನ ಹತ್ತಿರ ಉತ್ತರ ಸಿದ್ಧವಿತ್ತು.

"ಬಿಲ್ಡಿಂಗ್‌ನೋರ ಕಣ್ಣು ಕಣೇ. ದಿನಾ ಬಾಲ್ಕನೀಲಿ ನಿಂತ್ಕಂಡು ಒಲ ನೋಡ್ತಾರಲ್ಲ, ಅದೇ ದೃಷ್ಟಿ. ಇನ್ನೊಂದ್ ವರ್ಷ ಇಂಗೇ ಆದ್ರೆ ಲಾರಿ ನಿಲ್ಸೋಕೆ ಬಾಡಿಗೆಗೆ ಕೊಟ್ಬಿಡ್ತೀನಿ. ಆ ಲಾರಿ ಸುಬ್ರಮಣಿ ಕೇಳ್ತಾನೇ ಅವ್ನೆ."

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ! ಹೊಲದ ಬದುವಿನಲ್ಲಿ ಬೂದುಗುಂಬಳ ಕಟ್ಟಿದ್ದೂ ಆಯಿತು. ಮುನಿಕೃಷ್ಣಮ್ಮನಿಗೆ ಮಾತ್ರ ಬಾಡಿಗೆಯ ಮಾತು ಹಿಡಿಸಲಿಲ್ಲ. ಲಾರಿ ನಿಂತ ನೆಲದಲ್ಲಿ ಮತ್ತೆ ರಾಗಿ ಬೆಳೆದದ್ದನ್ನು ಅವಳು ಎಲ್ಲೂ ಕಂಡಿರಲಿಲ್ಲ.

ಆ ವಾರ ಮಹಿಳಾ ಸಂಘದ ಮೀಟಿಂಗು ಹೊಲದ ಪಕ್ಕದಲ್ಲೇ ಇರುವ ಶಾಂತಲಾ ಮನೆಯ ಟೆರೇಸಿನ ಮೇಲೆ. ಶಾಂತಲಾ ಕೃಷಿ ಸಖಿ. ತರಬೇತಿ ಪಡೆದು ಊರಿನ ರೈತರಿಗೆ ಸಲಹೆ ಕೊಡುವವಳು. ಮುನಿಕೃಷ್ಣಮ್ಮ ಕಾಫಿ ಲೋಟ ಹಿಡಿದು ಗೋಡೆಗೆ ಒರಗಿ ತನ್ನ ಹೊಲ ನೋಡಿದಳು. ಮದುವೆಯಾದಂದಿನಿಂದ ಅದರೊಳಗೆ ಬಗ್ಗಿ ದುಡಿದವಳು, ಮೇಲಿಂದ ನೋಡಿದ್ದು ಅದೇ ಮೊದಲು.

"ಅಯ್ಯೋ ಶಾಂತಲಾ, ಬಾ ಇಲ್ಲಿ! ನನ್ ಒಲದಾಗೆ ಯಾರೋ ರಂಗೋಲಿ ಚುಕ್ಕಿ ಇಟ್ಟವ್ರೆ!"

ನಿಜವೇ. ಹಳದಿ ಹೊಲದ ತುಂಬ ಕಡುಹಸಿರು ಚುಕ್ಕಿಗಳು, ಸಾಲುಸಾಲಾಗಿ. ದೃಷ್ಟಿ ತಗುಲಿದರೆ ಇಷ್ಟು ಅಚ್ಚುಕಟ್ಟಾಗಿ ತಗುಲುತ್ತದೆಯೇ?

"ಅಕ್ಕ, ಗೊಬ್ಬರ ಎಲ್ಲೆಲ್ಲಿ ಇಳಿಸಿದ್ರಿ? ನೆನಪು ಮಾಡ್ಕೊಳ್ಳಿ" ಎಂದಳು ಶಾಂತಲಾ.

ಮುನಿಕೃಷ್ಣಮ್ಮನ ಬೆರಳು ಚುಕ್ಕಿಯಿಂದ ಚುಕ್ಕಿಗೆ ಹೋಯಿತು. "ಅಲ್ಲಲ್ಲೇ ಕಣಮ್ಮ! ಯುಗಾದಿ ಕಳೀತಿದ್ದಂಗೆ ಟ್ರ್ಯಾಕ್ಟರ್‌ನಾಗೆ ತಂದು ಗುಡ್ಡೆ ಗುಡ್ಡೆ ಹಾಕಿದ್ವಿ. ಮಳೆ ಬಿದ್ಮೇಲೆ ಕಾಲಲ್ಲಿ ಒಂಚೂರು ಕೆದರಿ ಉತ್ವಿ. ನಮ್ ಮಾವನೋರ ಕಾಲದಿಂದ್ಲೂ ಅಂಗೇ."

"ಅಲ್ಲೀವರ್ಗೂ ಗುಡ್ಡೆ ಬಿಸಿಲಿಗೆ ಒಣಗುತ್ತೆ, ಮಳೆಗೆ ನೆನೆಯುತ್ತೆ. ಸಾರವೆಲ್ಲ ಗುಡ್ಡೆ ಕೆಳಗೇ ಇಳಿಯುತ್ತೆ ಅಕ್ಕ. ಅಲ್ಲಿನ ಪೈರಿಗೆ ಹಬ್ಬದೂಟ, ತಿಂದು ಬಿದ್ಕೊಳ್ತು. ಪಕ್ಕದ್ದಕ್ಕೆ ಉಪವಾಸ."

"ಮತ್ತೇನ್ ಮಾಡ್ಬೇಕು?"

"ಗೊಬ್ಬರ ಚೆನ್ನಾಗಿ ಕಳಿಯೋವರ್ಗೂ ತಿಪ್ಪೇಲೇ ಇರ್ಲಿ. ಬಿತ್ತೋಕೆ ಎರಡು ಮೂರು ವಾರ ಮುಂಚೆ, ಉಳೋ ದಿನಾನೇ ಹೊಲಕ್ಕೆ ತನ್ನಿ. ಹೆಂಟೆ ಒಡೆದು, ಮಂಕರೀಲಿ ತುಂಬ್ಕೊಂಡು, ಮೂಲೆನೂ ಬಿಡದೆ ಒಂದೇ ಸಮ ಎರಚಿ. ಅವತ್ತೇ ಉತ್ತು ಮಣ್ಣಿಗೆ ಸೇರಿಸಿ. ಅಷ್ಟೇ."

ಮನೆಯಲ್ಲಿ ಕದಿರಪ್ಪ ಇದನ್ನು ಕೇಳಿ ನಕ್ಕ. "ಗೊಬ್ಬರ ಮೊದ್ಲಿನಷ್ಟೇ ತಾನೇ? ಅರಡಿದ್ ಮಾತ್ರಕ್ಕೆ ಎಚ್ಚಾಗ್ತದಾ?"

"ಸಾರಿಗೆ ಉಪ್ಪು ಹಾಕಿ ಕದಡ್ದೆ ಬಡಿಸ್ತೀನಿ, ಉಣ್ತೀರಾ?" ಎಂದಳು ಮುನಿಕೃಷ್ಣಮ್ಮ.

ಮರುವರ್ಷ ಕದಿರಪ್ಪ ಗೊಣಗುತ್ತಲೇ ಮಂಕರಿ ಹೊತ್ತ. ಅವನು ಗುಡ್ಡೆ ಬಿಟ್ಟು ಹೋದಲ್ಲೆಲ್ಲ ಅವಳು ಹಿಂದೆಯೇ ಬಂದು ಹರಡಿದಳು.

ಆ ವರ್ಷ ತೆನೆ ತುಂಬುವ ಹೊತ್ತಿಗೆ ಕದಿರಪ್ಪ ತಾನಾಗಿಯೇ ಹೆಂಡತಿಯನ್ನು ಕರೆದುಕೊಂಡು ಶಾಂತಲಾ ಮನೆಯ ಟೆರೇಸು ಹತ್ತಿದ. ಬಹಳ ಹೊತ್ತು ನೋಡಿದ. ಹೊಲವೆಲ್ಲ ಒಂದೇ ಎತ್ತರ, ಒಂದೇ ಬಣ್ಣ.

"ಎಲ್ಲೇ ನಿನ್ ಚುಕ್ಕಿ?"

"ಉಡುಕ್ರಿ ನೋಡಣ" ಎಂದು ನಕ್ಕಳು ಮುನಿಕೃಷ್ಣಮ್ಮ. ಅವಳ ಕಣ್ಣು ತುಂಬಿತ್ತು.

ಅಷ್ಟರಲ್ಲಿ ಸುಬ್ರಮಣಿಯ ಫೋನು ಬಂತು. ಕದಿರಪ್ಪ ಹೊಲದಿಂದ ಕಣ್ಣು ತೆಗೆಯದೆಯೇ ಹೇಳಿದ: "ಲಾರಿಗೆ ಬೇರೆ ಜಾಗ ನೋಡ್ಕೋ ಗುರು. ನಮ್ ಒಲದಾಗೆ ಒಂದಡೀನೂ ಖಾಲಿ ಇಲ್ಲ."

ರೈತ ಬಂಧುಗಳೇ, ನಿಮ್ಮ ಹೊಲದಲ್ಲೂ ಚುಕ್ಕಿಗಳಿರಬಹುದು. ಒಮ್ಮೆ ಎತ್ತರದಲ್ಲಿ ನಿಂತು ನೋಡಿ. ಗೊಬ್ಬರವನ್ನು ಗುಡ್ಡೆಯಾಗಿ ಬಿಡಬೇಡಿ. ಸಮನಾಗಿ ಹರಡಿ, ಅಂದೇ ಉತ್ತುಬಿಡಿ. ಹೊಲದ ಮೂಲೆಯ ಪೈರಿಗೂ ಹಸಿವಿದೆ.