ಟವೆಲಿನ ಕೆಳಗಿನ ಪಾಸ್‌ವರ್ಡ್

೧

ಎಲ್ಲಿಂದ ಶುರುಮಾಡಲಿ? ಕಂಪ್ಯೂಟರಿನಿಂದ ಶುರುಮಾಡಿದರೆ ನೀವು ಇದನ್ನು ರಿಪೇರಿ ಕೈಪಿಡಿ ಎಂದುಕೊಳ್ಳುತ್ತೀರಿ. ತೊಟ್ಟಿಲಿನಿಂದ ಶುರುಮಾಡಿದರೆ ಕರವಸ್ತ್ರ ಹುಡುಕುತ್ತೀರಿ. ಎರಡೂ ಬೇಡ, ವರದಿಯ ಹಾಗೆ ಬರೆಯುತ್ತೇನೆ: 2004ರಲ್ಲಿ, ಹುಬ್ಬಳ್ಳಿಯ ಅಮರಗೋಳದಲ್ಲಿ, ಎತ್ತಿನ ವ್ಯಾಪಾರದ ದಲಾಲಿ ಮಾಡಿ, ಈಗ ಅದನ್ನು ಬಿಟ್ಟು ಮನೆಯಲ್ಲಿ ಕೂತಿದ್ದ ಮುರುಗೆಪ್ಪ ತಮ್ಮ ಕಂಪ್ಯೂಟರಿನ ಪಾಸ್‌ವರ್ಡ್ ಮರೆತರು.

(ಇಷ್ಟಕ್ಕೆ ಯಾವ ಪತ್ರಿಕೆಯೂ ಒಂದು ಮೂಲೆ ಜಾಗ ಕೊಡುವುದಿಲ್ಲ. ಆದ್ದರಿಂದಲೇ ಕಥೆ.)

೨

ಜಾಗ ಯಾಕೆ ಕೊಡಬೇಕಿತ್ತು ಎಂದರೆ, ಮುರುಗೆಪ್ಪನವರ ಹೆಂಡತಿ ಶರಣವ್ವನವರಿಗೆ ಗಂಟಲಿನ ಆಪರೇಷನ್ ಆಗಿ ದನಿ ಹೋಗಿದೆ. ಆಸ್ಪತ್ರೆಗೆ ಹೊರಡುವ ಮುಂಚೆ ಮುರುಗೆಪ್ಪ ಒಂದು ಮೈಕ್ ತಂದು, ಆಕೆಯ ಜೋಗುಳವನ್ನು ಕಂಪ್ಯೂಟರಿನಲ್ಲಿ ರೆಕಾರ್ಡ್ ಮಾಡಿಟ್ಟಿದ್ದರು. ಬಾಣಂತನಕ್ಕೆ ತವರಿಗೆ ಬಂದಿರುವ ಮಗಳು ಉಮಾಶ್ರೀಯ ಕೂಸನ್ನು ನಾಳೆ ತೊಟ್ಟಿಲಿಗೆ ಹಾಕಬೇಕು. ತನ್ನನ್ನು ಮಲಗಿಸಿದ ದನಿಯೇ ತನ್ನ ಮಗಳನ್ನೂ ಮಲಗಿಸಬೇಕೆಂದು ಉಮಾಶ್ರೀಯ ಹಟ. ಆ ದನಿ ಈಗ ಇರುವುದು ಆ ಪೆಟ್ಟಿಗೆಯೊಳಗೆ ಮಾತ್ರ.

ಆಸ್ಪತ್ರೆಯ ಓಡಾಟದಲ್ಲಿ ಮುರುಗೆಪ್ಪ ಬಹಳ ದಿನ ಕಂಪ್ಯೂಟರ್ ಮುಟ್ಟಿರಲಿಲ್ಲ. ಇವತ್ತು ಮುಂಜಾನೆ ಎದುರು ಕೂತರು, ಕೈ ಎತ್ತಿದರು, ಏನೂ ಹೊಳೆಯಲಿಲ್ಲ.

೩

ಈ ಕಥೆಯ ಮೊದಲ ಕರಡಿನಲ್ಲಿ ಪಾಸ್‌ವರ್ಡ್ ಹೆಂಡತಿಯ ಹೆಸರೇ ಆಗಿತ್ತು. ಹರಿದುಹಾಕಿದೆ. ನೀವೂ ಊಹಿಸಿದ್ದಿರಿ, ಉಮಾಶ್ರೀಯೂ ಊಹಿಸಿ ಹಾಕಿ ನೋಡಿದ್ದಳು. ಯಂತ್ರ ಒಪ್ಪಲಿಲ್ಲ.

ಎರಡನೆಯ ಕರಡು ವಾಸ್ತವಕ್ಕೆ ಹತ್ತಿರ. ವಿಂಡೋಸ್ ಎಕ್ಸ್‌ಪಿ ಶುರುವಾಗುವಾಗ ಎಫ್8 ಒತ್ತಿ ಸೇಫ್ ಮೋಡಿಗೆ ಹೋದರೆ ಅಡ್ಮಿನಿಸ್ಟ್ರೇಟರ್ ಎಂಬ ಇನ್ನೊಂದು ಖಾತೆ ಕಾಣುತ್ತದೆ. ಎಷ್ಟೋ ಮನೆಗಳಲ್ಲಿ ಅದಕ್ಕೆ ಪಾಸ್‌ವರ್ಡೇ ಇರುವುದಿಲ್ಲ. ಒಳಹೊಕ್ಕು ಉಳಿದವರದನ್ನು ಬದಲಿಸಬಹುದು. ಇಲ್ಲಿ ಅದಕ್ಕೂ ಪಾಸ್‌ವರ್ಡ್ ಇತ್ತು. ಕಂಪ್ಯೂಟರ್ ಜೋಡಿಸಿಕೊಟ್ಟ ಅಂಗಡಿಯವನು ಇಟ್ಟಿದ್ದ, ಆ ಅಂಗಡಿ ಮುಚ್ಚಿಹೋಗಿತ್ತು.

ಗಬ್ಬೂರಿನಿಂದ ಬಂದ ರಿಪೇರಿಯ ಕಲ್ಲೇಶ ಒಂದೇ ಮದ್ದು ಹೇಳಿದ.

“ಫಾರ್ಮ್ಯಾಟ್ ಹೊಡದ್ರ ಮದಲಿಂಗನಂಗ ಹೊಸಾದು ಆಗತೈತ್ರಿ.”

“ಅವ್ವನ ಹಾಡು?” ಎಂದಳು ಉಮಾಶ್ರೀ.

“ಅದು ಹೋಗತೈತ್ರಿ ಅಕ್ಕಾ. ಬೇಕಾದ್ರ ಒಂದು ಸಿಡಿ ತುಂಬ ಬ್ಯಾರೆ ಹಾಡು ಹಾಕಿ ಕೊಡತೇನಿ.”

ಊಟ ಮಾಡಿ ಬರುವುದಾಗಿಯೂ, ಅಷ್ಟರಲ್ಲಿ ಹೂಂ ಅಂದರೆ ಕೆಲಸ ಮುಗಿಸುವುದಾಗಿಯೂ ಹೇಳಿ ಹೋದ.

(ಫ್ಲಾಪಿ ಹಾಕಿ ಪಾಸ್‌ವರ್ಡ್ ಅಳಿಸುವ ಉಪಾಯ ಆಗಲೂ ಇತ್ತು. ಕಲ್ಲೇಶನಿಗೆ ಗೊತ್ತಿರಲಿಲ್ಲ. ಗೊತ್ತಿದ್ದರೆ ಅವನ ಕೆಲಸವೂ ನನ್ನ ಕೆಲಸವೂ ಒಟ್ಟಿಗೇ ಮುಗಿಯುತ್ತಿದ್ದವು.)

೪

ಉಮಾಶ್ರೀ ಕಿವಿಗೆ ಕಟ್ಟಿದ ಬಟ್ಟೆಯ ಅಂಚಿನಿಂದ ಕಣ್ಣೊರೆಸಿಕೊಂಡಳು ಎಂದು ಬರೆದೆ.

“ಬಾಣಂತಿ ಅಂದಕೂಡ್ಲೆ ಅಳಸ್ತೀರಲ್ರಿ,” ಎಂದಳು ಆಕೆ, ನನಗೆ. “ನಾ ಅಳಾಕತ್ತಿಲ್ಲ. ವಿಚಾರ ಮಾಡಾಕತ್ತೇನಿ.”

ವಾಕ್ಯವನ್ನು ಹೊಡೆದುಹಾಕಿ, ಯಾವುದರ ವಿಚಾರ ಎಂದು ಕೇಳಿದೆ. ಅಪ್ಪನ ಟವೆಲಿನದು, ಎಂದಳು.

ಮುರುಗೆಪ್ಪ ಪಾಸ್‌ವರ್ಡ್ ಒತ್ತುವಾಗಲೆಲ್ಲ ಹೆಗಲ ಟವೆಲನ್ನು ಕೈಮೇಲೆ, ಕೀಬೋರ್ಡಿನ ಮೇಲೆ ಹೊದಿಸುತ್ತಿದ್ದರು. ಮನೆಯವರು ನಗುತ್ತಿದ್ದರು. ಎತ್ತಿನ ವ್ಯಾಪಾರದಲ್ಲಿ ದರವನ್ನು ಬಾಯಿಬಿಟ್ಟು ಹೇಳುವುದಿಲ್ಲ. ಟವೆಲಿನ ಕೆಳಗೆ ಕೈ ಹಿಡಿದು, ಎಷ್ಟು ಬೆರಳು ಒತ್ತಿದರೆ ಅಷ್ಟು ಎಂದು ತಿಳಿಯುವುದು. ಜೀವಮಾನವೆಲ್ಲ ಹಾಗೆ ಮಾಡಿದ ಮನುಷ್ಯ ಕಂಪ್ಯೂಟರಿನ ಅಂಕಿಗಳನ್ನೂ ಹಾಗೆಯೇ ಇಟ್ಟುಕೊಂಡಿದ್ದರು.

ಟವೆಲಿನ ಕೆಳಗೆ ದರ ಕೇಳಿದರೆ ಬೆರಳಿಗೆ ನೆನಪಾದೀತು ಎಂದು ಉಮಾಶ್ರೀ ಅಪ್ಪನ ಕೈ ಕೇಳಿದಳು. ಅವರು ಹಿಂದಕ್ಕೆಳೆದುಕೊಂಡರು.

“ನೀ ಹೇಳೂದು ಖರೇ. ಅದು ಬಾಯಾಗ ಇಲ್ಲವಾ, ಕೈಯಾಗ ಐತಿ. ಆದರ ಮಗಳ ಕೂಡ ಎಂಥಾ ವ್ಯಾಪಾರ?”

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಶರಣವ್ವ ಬಂದರು. ಗಂಡನ ಹೆಗಲಿನಿಂದ ಟವೆಲ್ ಎಳೆದು, ಎದುರು ಕೂತು, ಅದರ ಕೆಳಗೆ ತಮ್ಮ ಬಲಗೈ ಇಟ್ಟರು.

೫

ಇಲ್ಲಿ ನಾನು ನಿಲ್ಲಿಸಿದ್ದೆ. ಆ ವಯಸ್ಸಿನ, ಆ ಮನೆತನದ ಗಂಡಹೆಂಡತಿ ಮಗಳೆದುರು ಕೈ ಹಿಡಿದುಕೊಳ್ಳುತ್ತಾರೆಯೇ? ನಂಬುವ ಮಾತಲ್ಲ ಎಂದು ಉಮಾಶ್ರೀಗೆ ಹೇಳಿದೆ.

“ಟವೆಲ್ ಐತಲ್ರಿ,” ಎಂದಳು.

ಶರಣವ್ವ ಬಾಯಿಗೆ ಬಂದ, ಅಲ್ಲ, ಕೈಗೆ ಬಂದ ದರ ಒತ್ತಿದರು. ಮುರುಗೆಪ್ಪ ಸಾಲದು ಎಂಬಂತೆ ತಲೆಯಾಡಿಸಿ ತಮ್ಮ ದರ ಒತ್ತಿದರು. ಗಂಡನ ಒಂದೊಂದು ಒತ್ತಿಗೂ ಶರಣವ್ವ ಎಡಗೈಯ ಬೆರಳೆತ್ತಿ ಮಗಳಿಗೆ ತೋರಿಸಿದರು. ಉಮಾಶ್ರೀ ಅಂಕಿ ಒತ್ತಿದಳು. ತಪ್ಪು.

ಮುರುಗೆಪ್ಪ ನಕ್ಕರು. “ಮೊದಲನೇ ಸಲಕ್ಕ ಯಾರರ ಖರೇ ದರ ಹೇಳತಾರೇನು?”

ಎರಡನೆಯ ಸಲ ಅವರು ಕಣ್ಣು ಮುಚ್ಚಿಕೊಂಡರು. ಪರದೆ ತೆರೆಯಿತು.

(ಅಂಕಿಗಳನ್ನು ಬರೆಯುವುದಿಲ್ಲ. ಪಾಸ್‌ವರ್ಡ್ ಪಾಸ್‌ವರ್ಡೇ. ಯಾವ ಜೋಡಿ ಎತ್ತಿನ ದರವೆಂದು ಶರಣವ್ವನವರಿಗೂ ಗೊತ್ತಿಲ್ಲ.)

ಇನ್ನೊಮ್ಮೆ ಇಂಥ ಪೇಚು ಬೇಡವೆಂದು ಉಮಾಶ್ರೀ ಪಾಸ್‌ವರ್ಡ್ ಬದಲಿಸುವ ಪುಟ ತೆರೆದಳು. ಅದು ಹಳೆಯದನ್ನು ಒಮ್ಮೆ, ಹೊಸದನ್ನು ಎರಡು ಸಲ ಕೇಳುತ್ತದೆ. ಹಳೆಯದನ್ನು ಹಾಕಿ ಕುರ್ಚಿ ಬಿಟ್ಟೆದ್ದಳು.

“ಅವ್ವಾ, ಹೊಸಾದು ನೀನ ಇಡು.”

ಶರಣವ್ವ ಒಂದೇ ಬೆರಳಿನಿಂದ ಏನೋ ಉದ್ದದ್ದನ್ನು ಒತ್ತಿದರು. ಮುರುಗೆಪ್ಪ ಬಗ್ಗಿ ನೋಡಲು ಹೋದಾಗ ಮೊಣಕೈಯಿಂದ ತಿವಿದರು.

೬

ಊಟ ಮುಗಿಸಿ ಬಂದ ಕಲ್ಲೇಶನನ್ನು ಚಹಾ ಕೊಟ್ಟು ಕಳಿಸಿದರು. ಈಗ ಮುಕ್ತಾಯ. ಒಂದು: ನಾಳೆ ಬಂಧುಗಳೆಲ್ಲ ಸೇರಿ, ಹಾಡು ಕೇಳಿ, ಒಟ್ಟಿಗೇ ಅಳುತ್ತಾರೆ. (ಬೇಡ. ಉಮಾಶ್ರೀ ಬಯ್ಯುತ್ತಾಳೆ.) ಎರಡು: ಸರಿಯಾದ ಹೊತ್ತಿಗೆ ಕರೆಂಟ್ ಹೋಗುತ್ತದೆ. (ನಂಬಬಹುದು, ಆದರೆ ಕ್ರೂರ.) ಮೂರನೆಯದನ್ನು ಯೋಚಿಸುವಷ್ಟರಲ್ಲಿ ಆಕೆ ನನ್ನನ್ನು ಕೇಳದೆ ಫೈಲು ತೆರೆದುಬಿಟ್ಟಳು.

ಮೊದಲು ಬಂದದ್ದು ಮುರುಗೆಪ್ಪನವರ ದನಿ: “ಹೂಂ, ಹಾಡು. ಚಾಲೂ ಆಗೇತಿ.”

ಆಮೇಲೆ ಆ ಇನ್ನೊಂದು ದನಿ: “ನೀವು ಹೊರಗ ಹೋಗ್ರಿ. ನನಗ ನಾಚಿಕಿ ಬರತೈತಿ.”

ಕೋಣೆಯಲ್ಲಿ ಕೂತಿದ್ದ ಮುರುಗೆಪ್ಪ ಅಪ್ಪಣೆ ಆದವರಂತೆ ಎದ್ದು ಬಾಗಿಲ ಕಡೆ ನಡೆದರು. ಶರಣವ್ವ ಅವರ ತೋಳು ಹಿಡಿದು ಕೂರಿಸಿದರು. ಸ್ಪೀಕರಿನಲ್ಲಿ ಬಾಗಿಲು ಮುಚ್ಚಿದ ಸದ್ದು, ಒಂದು ಕೆಮ್ಮು, ಉಸಿರು ಎಳೆದುಕೊಂಡ ಸದ್ದು. ಪಕ್ಕದಲ್ಲಿ ಮಲಗಿಸಿದ್ದ ಕೂಸು ಕೈಕಾಲು ಬಡಿಯುವುದನ್ನು ನಿಲ್ಲಿಸಿತು.

ಮುಂದಿನ ಸಾಲು ಬರೆಯಲು ಹೊರಟೆ. ಉಮಾಶ್ರೀ ತಿರುಗಿ ನೋಡಿದಳು.

“ನೀವೂ ಸ್ವಲ್ಪ ಸುಮ್ಮ ಕುಂದರ್ರಿ,” ಎಂದಳು.